ಕೆಂಗೇರಿ ಉಪನಗರದ ಮೂರನೇ ಮಹಡಿಯ ಮನೆ: ಮೂವತ್ತಮೂರು ತಿಂಗಳ ಬಾಡಿಗೆ ವಾಸ

ಮನೆ ನೋಡಲು ಹೋದ ದಿನ ಅಮ್ಮ ಮೊದಲು ಮಾಡಿದ್ದು ಅಡುಗೆಮನೆಯ ನಲ್ಲಿ ತಿರುಗಿಸಿ ಒಂದು ಬೊಗಸೆ ನೀರು ಕುಡಿದದ್ದು. "ಇದು ಕಾವೇರಿ" ಎಂದರು. ಬಚ್ಚಲಿಗೆ ಹೋಗಿ ಬಕೆಟ್ಟಿನ ಅಂಚಿನ ಬಿಳಿ ಕರೆಯನ್ನು ಬೆರಳಿನಿಂದ ಕೆರೆದು, "ಇದು ಬೋರ್‌ವೆಲ್" ಎಂದರು. ಮಾಲೀಕರು ಎರಡನ್ನೂ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಹಿಡಿಸಿಯೇ ನಾವು ಆ ಮನೆಗೆ ಮುಂಗಡ ಕೊಟ್ಟೆವು.

ಎಂಟು ಮನೆಗಳ ಸಣ್ಣ ಕಟ್ಟಡ, ನಮ್ಮದು ಮೇಲಿನ ಮಹಡಿ, ಎರಡು ಮಲಗುವ ಕೋಣೆ. 2022ರ ಸೆಪ್ಟೆಂಬರ್‌ನಲ್ಲಿ ಬಾಡಿಗೆ 16,000 ರೂಪಾಯಿ, ನಿರ್ವಹಣೆಗೆ 1,500. ಮುಂಗಡ ಹತ್ತು ತಿಂಗಳದ್ದು ಕೇಳಿದ್ದರು. ಚೌಕಾಸಿ ಮಾಡಿ ಒಂದು ಲಕ್ಷಕ್ಕೆ ಇಳಿಸಿದೆವು. ಕರಾರು ಎಲ್ಲೆಡೆಯಂತೆ ಹನ್ನೊಂದು ತಿಂಗಳದ್ದು, ಪ್ರತಿ ಸಲ ಶೇಕಡಾ 5ರ ಏರಿಕೆ. ಹೀಗೆ ಮೂರು ಕರಾರು ಮುಗಿಸಿ, ಕಳೆದ ವರ್ಷ ತಂಗಿಯ ಮನೆಯ ಹತ್ತಿರ ಹೋಗಬೇಕಾಗಿ ಬಂದು ಖಾಲಿ ಮಾಡಿದೆವು.

ನನ್ನ ಕಚೇರಿ ವಿಧಾನಸೌಧದ ಬಳಿ. ವಿಜಯನಗರದಲ್ಲಿದ್ದಾಗ ಇಷ್ಟೇ ಬಾಡಿಗೆಗೆ ಒಂದೇ ಕೋಣೆಯ ಮನೆಯಲ್ಲಿ ಅಮ್ಮನೂ ನಾನೂ ಇಕ್ಕಟ್ಟಿನಲ್ಲಿದ್ದೆವು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಗೆ ಬಂದಿರದಿದ್ದರೆ ಇಷ್ಟು ದೂರ ಬರುವ ಧೈರ್ಯ ನನಗೆ ಆಗುತ್ತಿರಲಿಲ್ಲ. ಬಸ್ ಟರ್ಮಿನಲ್ ಬಳಿಯ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ, ನೇರಳೆ ಮಾರ್ಗದಲ್ಲಿ ಎಲ್ಲಿಯೂ ಬದಲಾಯಿಸದೆ ಕಚೇರಿ. ಬೆಳಿಗ್ಗೆ ಹತ್ತಿದರೆ ಕೂರಲು ಜಾಗ ಸಿಗುತ್ತಿತ್ತು. ಇದರ ಬೆಲೆ ಮೈಸೂರು ರಸ್ತೆಯಲ್ಲಿ ಬಸ್ಸಿಗಾಗಿ ಕಾದವರಿಗೆ ಗೊತ್ತು. ಮಂಡ್ಯಕ್ಕೆ ಹೋಗಲು ಅಮ್ಮನಿಗೆ ಕೆಂಗೇರಿ ರೈಲು ನಿಲ್ದಾಣವೇ ಸಾಕಾಗಿತ್ತು, ಮೆಜೆಸ್ಟಿಕ್ಕಿನ ಗದ್ದಲ ತಪ್ಪಿತು.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ನಗರವೆಲ್ಲ ಬಾಯಾರಿದಾಗ ನಮ್ಮ ಬೋರ್‌ವೆಲ್ ಕೂಡ ಗಾಳಿ ಉಗುಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ ದಿನಗಳವು. ಕೆಳಗಿನ ಮನೆಯಲ್ಲೇ ಇದ್ದ ಮಾಲೀಕರು ತಮಗೂ ನಮಗೂ ಒಂದೇ ಲೆಕ್ಕವಿಟ್ಟರು: ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಟ್ಯಾಂಕರ್ ಬಂದಾಗಲೆಲ್ಲ ರಸೀದಿಯನ್ನು ಮೆಟ್ಟಿಲ ಬಳಿ ಅಂಟಿಸಿ, ಖರ್ಚನ್ನು ಎಂಟು ಪಾಲು ಮಾಡಿದರು. ಆ ಎರಡು ತಿಂಗಳು ಯಾರೊಬ್ಬರೂ ಜಗಳವಾಡಲಿಲ್ಲ. ಈ ವಿಷಯದಲ್ಲಿ ಅವರಿಗೆ ನಾನು ಋಣಿ.

ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಗೆ ಕರಾರು ಪತ್ರ, ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಕೊಟ್ಟು ನಮ್ಮ ಹೆಸರು ನೋಂದಾಯಿಸಲೂ ಅವರು ತಕರಾರು ಮಾಡಲಿಲ್ಲ. ಆದರೆ ಲಿಫ್ಟ್ ಮತ್ತು ಮೋಟರಿನ ವಿದ್ಯುತ್ತು ಬೇರೆ ಮೀಟರಿನದು. ಅದನ್ನು ನಿರ್ವಹಣೆಯ ಜೊತೆ ಹಂಚುತ್ತಾರೆ. ಮೊದಲೇ ಕೇಳಿಕೊಳ್ಳಿ.

ವೃಷಭಾವತಿಯ ವಾಸನೆಯನ್ನು ಮುಚ್ಚಿಡಲಾರೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುವ ನದಿ ಇಲ್ಲಿಗೆ ಬರುವಷ್ಟರಲ್ಲಿ ಕಪ್ಪಾಗಿರುತ್ತದೆ. ಮೋಡ ಕವಿದ ಸಂಜೆಗಳಲ್ಲಿ ಗಾಳಿ ಆ ಕಡೆಯಿಂದ ಬೀಸಿದರೆ ಕಿಟಕಿ ಮುಚ್ಚಲೇಬೇಕು. ಅಮ್ಮನ ಉಬ್ಬಸಕ್ಕೆ ಅಂಥ ದಿನಗಳು ಕಷ್ಟವಾದವು. ಉಸಿರಾಟದ ತೊಂದರೆ ಇರುವವರು ಹಗಲಿನಲ್ಲಿ ಮನೆ ನೋಡಿ ಒಪ್ಪಿಕೊಳ್ಳದೆ, ಒಮ್ಮೆ ಸಂಜೆಯೂ ಹೋಗಿ ಬನ್ನಿ.

ನನಗೆ ನಿಜವಾಗಿ ನೋವಾದದ್ದು ಕೊನೆಯಲ್ಲಿ. ಮೊದಲ ಮಳೆಗಾಲದಿಂದಲೂ ತಾರಸಿಯ ನೀರು ನಡುಕೋಣೆಯ ಗೋಡೆಗೆ ಇಳಿಯುತ್ತಿತ್ತು. ನಾಲ್ಕು ಸಲ ಹೇಳಿದೆ, ಎರಡು ಸಲ ಫೋಟೋ ಕಳಿಸಿದೆ. "ಬೇಸಿಗೆಯಲ್ಲಿ ಮಾಡಿಸೋಣ" ಎಂಬ ಉತ್ತರ ಎರಡು ಬೇಸಿಗೆ ದಾಟಿತು. ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 17,640 ಹಿಡಿದು 82,360 ವಾಪಸು ಕೊಟ್ಟರು. ಕರಾರಿನಲ್ಲಿ ಹಾಗೆಂದು ಬರೆದಿತ್ತು, ನಾನು ಸಹಿಯನ್ನೂ ಹಾಕಿದ್ದೆ. ಆದರೂ ಅವರ ತಾರಸಿಯಿಂದ ಇಳಿದ ನೀರಿನ ಕಲೆಗೆ ನಾವೇಕೆ ಹಣ ತೆರಬೇಕು? ನೀರಿನ ಲೆಕ್ಕವನ್ನು ರಸೀದಿ ಸಮೇತ ತೋರಿಸಿದವರು ಬಣ್ಣದ ಲೆಕ್ಕವನ್ನೂ ಹಾಗೆಯೇ ತೋರಿಸಬಹುದಿತ್ತು.

ಹೀಗಿದ್ದೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗೇಟಿಗೆ ಈಗ "ಮನೆ ಬಾಡಿಗೆಗಿದೆ" ಫಲಕ ಬಿದ್ದಿದೆ. ನೋಡಲು ಹೋಗುವವರು ನಡುಕೋಣೆಯ ಪಶ್ಚಿಮದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಹೊಸ ಬಣ್ಣದ ಕೆಳಗೆ ತಣ್ಣಗಿದ್ದರೆ, ತಾರಸಿ ದುರಸ್ತಿಯಾದ ಮೇಲೆಯೇ ಮುಂಗಡ ಕೊಡುವುದಾಗಿ ಹೇಳಿ.