ಗುಜರಿಯಿಂದ ಹುಟ್ಟಿದ ಬಿಟ್: ಬಹಳ ದಿನ ಓಡಿಸಿದ ಮೇಲೆ

ಪುಣೆ ಹತ್ತಿರ ವಾಘೋಲಿ ಕಡೆಯ ಕ್ವಾರಿಗಳಲ್ಲಿ ನಮ್ಮ ಡಿಟಿಎಚ್ ರಿಗ್ (ತೂತಿನ ಒಳಗೇ ಸುತ್ತಿಗೆ ಇಳಿದು ಬಿಟ್ಟಿಗೆ ಏಟು ಕೊಡುವ ಕೊರೆಯುವ ಯಂತ್ರ) ಓಡುತ್ತದೆ. ಕಲ್ಲು ದಖ್ಖನ್ನಿನ ಕಪ್ಪು ಬಸಾಲ್ಟ್. ಗಟ್ಟಿಯೇ, ಆದರೆ ಇಳಕಲ್ಲಿನ ಗ್ರಾನೈಟಿನಂತೆ ಬಟನ್ (ಬಿಟ್ಟಿನ ಮುಖದಲ್ಲಿ ಕೂರಿಸಿದ, ಕಲ್ಲು ಒಡೆಯುವ ಟಂಗ್‌ಸ್ಟನ್ ಕಾರ್ಬೈಡಿನ ಗುಂಡು ಮೊಳೆ) ತಿನ್ನುವುದಿಲ್ಲ. ಆದ್ದರಿಂದ ಗ್ರಾನೈಟಿನವರು ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ.

2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿಗೆ ಕಡಿವಾಣ ಹಾಕಿತಲ್ವಾ, ಆಮೇಲೆ ಬಿಟ್ ರೇಟು ಕೇಳಿದರೇ ಭಯ. ಆಗ ಅಂಗಡಿಯವರು ಹಳೆಯ ಕಾರ್ಬೈಡ್ ಮತ್ತೆ ಬಳಸಿ ಮಾಡಿದ ಬಟನ್ ಇರುವ ಬಿಟ್ ಕೊಟ್ಟರು. ಮರುಬಳಕೆ ಮಾಲು ಅಂದ ತಕ್ಷಣ ನಮ್ಮ ಡ್ರಿಲ್ಲರ್ ಮುಖ ಸಿಂಡರಿಸಿದ. ಓಡಿಸಿ ನೋಡಿದರೆ ಹೊಸ ಲೋಹದ್ದಕ್ಕೂ ಇದಕ್ಕೂ ಕೈಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಸಂಜೆ ಕಂಪ್ರೆಸರ್ ನಿಂತ ಮೇಲೆ ಬಿಟ್ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಟಾರ್ಚ್ ಹಿಡಿದು ಒಂದೊಂದು ಬಟನ್ ಮೇಲೂ ಹೆಬ್ಬೆರಳು ಆಡಿಸುವುದು ನನ್ನ ಕೆಲಸ, ಇದನ್ನು ಯಾರಿಗೂ ಬಿಡುವುದಿಲ್ಲ. ಅಂಚಿನ ಬಟನ್‌ಗಳೇ ಮೊದಲು ಸವೆಯುತ್ತವೆ, ಸುತ್ತು ಹೊಡೆಯುವುದು ಅವೇ ಜಾಸ್ತಿ. ಚಪ್ಪಟೆ ಭಾಗ ಬಟನ್ ಅಗಲದ ಮೂರರಲ್ಲಿ ಒಂದು ಪಾಲು ದಾಟುವ ಮೊದಲೇ ಡೈಮಂಡ್ ಕಪ್ (ವಜ್ರದ ಪುಡಿ ಇರುವ ಉಜ್ಜುವ ಬಟ್ಟಲು) ಹಾಕಿ ಮತ್ತೆ ಗುಂಡಗೆ ಮಾಡಬೇಕು. ತಡ ಮಾಡಿದರೆ ಹಾವಿನ ಚರ್ಮದಂಥ ಸೂಕ್ಷ್ಮ ಬಿರುಕು ಬರುತ್ತದೆ, ಆಮೇಲೆ ಚೂರು ಹಾರುತ್ತದೆ. ಮೊದಲ ಲಾಟಿನ ಬಿಟ್ಟುಗಳು ಈ ಗ್ರೈಂಡಿಂಗನ್ನು ಎಷ್ಟು ಚೆನ್ನಾಗಿ ತಡೆದುಕೊಂಡವು ಅಂದರೆ, ಸುಮ್ನೆ ಇಷ್ಟು ವರ್ಷ ದುಬಾರಿ ದುಡ್ಡು ಕೊಟ್ಟೆವಲ್ಲ ಅನ್ನಿಸಿತು.

ಎರಡನೇ ಲಾಟು ಬಂತು. ಅದೇ ಅಂಗಡಿ, ಅದೇ ಡಬ್ಬಿ. ಬಟನ್ ಸವೆಯಲಿಲ್ಲ, ಮುರಿಯಿತು! ಮುರಿದ ಚೂರು ತೂತಿನ ತಳದಲ್ಲಿ ಉಳಿದು ಉಳಿದ ಬಟನ್‌ಗಳಿಗೂ ಏಟು ಹೊಡೆಯಿತು. ಅಂಗಡಿಯವರು ಡ್ರಿಲ್ಲರ್ ಕೈಗೆ ತಪ್ಪು ಹಾಕಿದರು.

ನನ್ನ ಅನುಮಾನ ಬೇರೆ. ಕಾರ್ಬೈಡ್ ಮರುಬಳಕೆಗೆ ಸತುವಿನ ವಿಧಾನ ಅಂತ ಒಂದಿದೆ, ಅದರಲ್ಲಿ ಗುಜರಿ ಕಾರ್ಬೈಡನ್ನು ಕುದಿಯುವ ಬಿಸಿಯ ಸತುವಿನಲ್ಲಿ ಇಡುತ್ತಾರೆ. ಸತು, ಕಾರ್ಬೈಡ್ ಕಾಳುಗಳನ್ನು ಅಂಟಿಸಿ ಹಿಡಿದಿರುವ ಕೋಬಾಲ್ಟಿನ ಜೊತೆ ಸೇರಿ ಉಬ್ಬುತ್ತದೆ, ಗಟ್ಟಿ ಲೋಹ ಬಿಚ್ಚಿಕೊಳ್ಳುತ್ತದೆ, ಆಮೇಲೆ ನಿರ್ವಾತದಲ್ಲಿ ಸತುವನ್ನು ಆವಿ ಮಾಡಿ ತೆಗೆದರೆ ಪುಡಿ ಉಳಿಯುತ್ತದೆ. ಇಲ್ಲಿ ಏನೂ ಶುದ್ಧವಾಗುವುದಿಲ್ಲ, ಹಾಕಿದ್ದೇ ಹೊರಗೆ ಬರುತ್ತದೆ. ಕಲ್ಲು ಕೊರೆಯುವ ಬಟನ್‌ಗೆ ಬೇಕಾದ್ದು ದಪ್ಪ ಕಾಳಿನ ಟಂಗ್‌ಸ್ಟನ್ ಕಾರ್ಬೈಡ್ ಮತ್ತು ಕೋಬಾಲ್ಟ್ ಮಾತ್ರ. ಲೇಥ್ ಟೂಲಿನ ತುಂಡುಗಳು ಸೇರಿಬಿಟ್ಟರೆ ಅವುಗಳ ಟೈಟೇನಿಯಂ, ಸಣ್ಣ ಕಾಳು ಎಲ್ಲವೂ ಒಳಗೆ ಬಂತು. ಏಟು ತಾಳುವ ಗುಣ ಅಲ್ಲಿಗೆ ಮುಗಿಯಿತು. ರಾಸಾಯನಿಕವಾಗಿ ಕರಗಿಸಿ ಮೊದಲಿನಿಂದ ಲೋಹ ಮಾಡುವ ದಾರಿಯೂ ಇದೆ, ಅದರಲ್ಲಿ ಈ ತಲೆನೋವಿಲ್ಲ, ಆದರೆ ಖರ್ಚು ಜಾಸ್ತಿ.

ನನ್ನ ಸಿಟ್ಟು ಮರುಬಳಕೆಯ ಮೇಲಲ್ಲ. ಬಿಟ್ಟಿನ ಮೇಲೆ ಲಾಟ್ ನಂಬರ್ ಹೊಡೆದಿಲ್ಲ ನೋಡಿ, ಅದು! ಒಳ್ಳೆ ಲಾಟು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ಈಗ ನಾನು ಒಂದೇ ಬಿಟ್ ತಂದು, ಓಡಿಸಿ, ಸರಿಯಿದ್ದರೆ ಆ ಡಬ್ಬಿಯ ಉಳಿದವನ್ನು ಎತ್ತಿಕೊಳ್ಳುತ್ತೇನೆ. ಬಿರುಕುಬಿಟ್ಟ ಬಂಡೆಗೆ ಮಾತ್ರ ಹೊಸ ಲೋಹದ್ದೇ. ಐದಕ್ಕೆ ಮೂರು ಸ್ಟಾರ್, ನಂಬರ್ ಹೊಡೆದರೆ ನಾಲ್ಕು.