ಟ್ರೈಲರ್‌ನಲ್ಲೇ ಸಂಸಾರ: ವರ್ಷಗಟ್ಟಲೆ ಬಳಸಿದ ಮೇಲೆ

ಆರ್‌ವಿ ಅಂದರೆ ಒಳಗೇ ವಾಸಿಸುವಂತೆ ಕಟ್ಟಿದ ಗಾಡಿ. ಹೊಸದಾಗಿ ಕೊಂಡವರು ಬರೆಯುವ ಆರ್‌ವಿ ವಿಮರ್ಶೆಗಳಲ್ಲಿ ಸೋಫಾ, ಲೈಟು, ಟಿವಿಯ ಮಾತೇ ಜಾಸ್ತಿ. ನಾನೂ ನಮ್ಮ ಯಜಮಾನರೂ ಕ್ಯಾಲಿಫೋರ್ನಿಯಾದ ಮನೆ ಮಾರಿ, 27 ಅಡಿ ಉದ್ದದ, ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೈಲರ್‌ನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದೆವು. ಈಗ ಅರಿಜೋನಾದ ಟೂಸಾನ್‌ನಲ್ಲಿ ನೆಲೆ ನಿಂತಿದ್ದೇವೆ. ನನ್ನ ಮಟ್ಟಿಗೆ ವಿಮರ್ಶೆ ಶುರುವಾಗಬೇಕಾದದ್ದು ಚಾವಣಿಯಿಂದ.

ನಮ್ಮದರ ಚಾವಣಿಗೆ ತೆಳುವಾದ ರಬ್ಬರ್ ಹೊದಿಕೆ ಇತ್ತು. ಫ್ಯಾನು, ಪೈಪು, ಆಂಟೆನಾ ಅಂತ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ನೀರು ಇಳಿಯದಂತೆ ಸೀಲೆಂಟ್ ಎಂಬ ಅಂಟು ಬಳಿದಿರುತ್ತಾರೆ. ಮರುಭೂಮಿಯ ಬಿಸಿಲಿಗೆ ಅದು ಒಣಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕೆಳಗಿನಿಂದ ಏನೂ ಕಾಣಿಸುವುದಿಲ್ಲ. ಮೇಲೆ ಹತ್ತಿ ಬೆರಳಿನಿಂದ ಒತ್ತಿದರೆ ಮಾತ್ರ ಅಂಚು ಸ್ವಲ್ಪ ಎದ್ದಿರುವುದು ಗೊತ್ತಾಗುತ್ತದೆ. ಆ ಸಂದಿಯಲ್ಲಿ ಇಳಿದ ನೀರು ಒಳಗಿನ ಮರವನ್ನು ಕೊಳೆಸುತ್ತದೆ. ಗೋಡೆ ಉಬ್ಬಿ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಯಜಮಾನರು ಮೂರು ತಿಂಗಳಿಗೊಮ್ಮೆ ಮೊಣಕಾಲೂರಿಕೊಂಡು ಒಂದೊಂದು ಅಂಚನ್ನೂ ಮುಟ್ಟಿ ನೋಡುತ್ತಿದ್ದರು. ಬಿರುಕು ಕಂಡಲ್ಲಿ ಒರೆಸಿ, ಒಣಗಿಸಿ, ಡೈಕಾರ್ ಕಂಪನಿಯ ಸೀಲೆಂಟ್ ಹಾಕುತ್ತಿದ್ದರು. ಅದು ತಾನಾಗಿ ಹರಡಿಕೊಂಡು ಸಮವಾಗಿ ಕೂರುತ್ತದೆ. ನಮ್ಮ ಟ್ರೈಲರ್ ಒಂದು ಸಲವೂ ಸೋರಲಿಲ್ಲ. ಆ ಶ್ರೇಯಸ್ಸು ಟ್ರೈಲರ್ ಕಂಪನಿಯದಲ್ಲ, ಯಜಮಾನರದು.

ಅಡುಗೆಮನೆ ನನಗೆ ನಿಜವಾಗಿಯೂ ಇಷ್ಟವಾಯಿತು. ಗ್ಯಾಸ್ ಒಲೆ, ಒಂದು ಕುಕ್ಕರ್, ಒಂದು ಬಾಣಲೆ ಸಾಕು. ಒಗ್ಗರಣೆಗೆ ಮೊದಲು ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಲೇಬೇಕು. ಇಲ್ಲದಿದ್ದರೆ ಮೆಣಸಿನಕಾಯಿ ಸಿಡಿಯುವ ಮುಂಚೆಯೇ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ದೋಸೆ ಹಿಟ್ಟು, ಹೆಪ್ಪು ಹಾಕಿದ ಹಾಲು ಎರಡಕ್ಕೂ ವಾಟರ್ ಹೀಟರ್ ಪಕ್ಕದ ಕಪಾಟೇ ಸರಿ. ಹೊರಗೆ ಎಷ್ಟೇ ಚಳಿಯಿದ್ದರೂ ಅಲ್ಲಿ ಬೆಚ್ಚಗಿರುತ್ತದೆ. ಕೊಲರಾಡೋದ ಲೆಡ್‌ವಿಲ್ ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಕುಕ್ಕರ್ ಇಲ್ಲದೆ ಹೊರಡಬೇಡಿ.

ಕರೆಂಟಿನ ವಿಷಯ. 30 ಆಂಪ್ ಸಂಪರ್ಕ ಅಂದರೆ 120 ವೋಲ್ಟಿಗೆ 3,600 ವ್ಯಾಟ್, ಅಷ್ಟೇ. ಎಸಿ, ಮೈಕ್ರೋವೇವ್, ಕರೆಂಟಿನ ಕೆಟಲ್ ಮೂರೂ ಒಟ್ಟಿಗೆ ನಡೆಯುವುದಿಲ್ಲ. ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ಚಳಿಗಾಲ ಕಳೆಯಲು ನಮಗೆ ಹಿಡಿಸಿದ್ದು ಅರಿಜೋನಾದ ಕ್ವಾರ್ಟ್ಸೈಟ್ ಊರಿನ ಪಕ್ಕದ ಲಾ ಪೋಸಾ. ಅದು ಸರ್ಕಾರಿ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಸೀಸನ್ನಿಗೆ ನಾವು ಕಟ್ಟಿದ್ದು 180 ಡಾಲರ್. ಕರೆಂಟ್ ಇಲ್ಲ. ನೀರು ತುಂಬಿಕೊಳ್ಳಲು, ಕೊಳಚೆ ಟ್ಯಾಂಕ್ ಖಾಲಿ ಮಾಡಲು ಜಾಗ ಇದೆ. ನಮ್ಮ 40 ಗ್ಯಾಲನ್, ಅಂದರೆ 150 ಲೀಟರ್ ನೀರಿನ ಟ್ಯಾಂಕ್ ಇಬ್ಬರಿಗೆ ವಾರ ಬರುತ್ತಿತ್ತು. ಅಕ್ಕಿ ತೊಳೆದ ನೀರಲ್ಲೇ ಪಾತ್ರೆಯ ಮೊದಲ ತೊಳೆತ. ಅಕ್ಕಪಕ್ಕದವರ ಸ್ನೇಹವನ್ನು ದುಡ್ಡಿನಲ್ಲಿ ಅಳೆಯಲಾಗದು. ಬ್ಯಾಟರಿ ಕೈಕೊಟ್ಟ ಸಂಜೆ, ಹೆಸರೂ ಗೊತ್ತಿಲ್ಲದ ಅಜ್ಜನೊಬ್ಬರು ತಮ್ಮ ಜನರೇಟರ್ ಎಳೆದುಕೊಂಡು ಬಂದರು.

ಬೇಸರ ತಂದದ್ದು ರಿಪೇರಿ. ಸ್ಲೈಡ್‌ನ, ಅಂದರೆ ಒಳಗೆ ಜಾಗ ಹೆಚ್ಚಿಸಲು ಹೊರಕ್ಕೆ ಸರಿಯುವ ಗೋಡೆಯ, ಮೋಟಾರ್ ಕೆಟ್ಟಾಗ ವರ್ಕ್‌ಶಾಪ್‌ನವರು ವಾರಗಟ್ಟಲೆ ಗಾಡಿ ಇಟ್ಟುಕೊಂಡರು. ಗಾಡಿ ಅಲ್ಲಿದ್ದರೆ ನಮ್ಮ ಹಾಸಿಗೆ, ಔಷಧಿ, ದೇವರ ಫೋಟೋ ಎಲ್ಲವೂ ಅಲ್ಲೇ. ಮೋಟೆಲ್ ಖರ್ಚು ನಮ್ಮ ತಲೆಗೆ. ಪೂರ್ಣಾವಧಿ ವಾಸಕ್ಕೆಂದೇ ಇರುವ ವಿಮೆ ಮಾಡಿಸಿ. ರಜೆಗೆ ಓಡಾಡುವವರ ಸಾಮಾನ್ಯ ಪಾಲಿಸಿ ಸಾಲದು.

ಮನೆ ಮಾರಿದ ಮೇಲೆ ಕಾಯಂ ವಿಳಾಸವೇ ಇರಲಿಲ್ಲ, ಆ ಕಷ್ಟವನ್ನು ದಕ್ಷಿಣ ಡಕೋಟಾ ರಾಜ್ಯ ನೀಗಿಸಿತು. ಅಲ್ಲಿ ನಮ್ಮ ಕಾಗದಪತ್ರ ತೆಗೆದುಕೊಂಡು ನಾವಿದ್ದಲ್ಲಿಗೆ ಕಳಿಸಿಕೊಡುವ ಅಂಚೆ ಸೇವೆಯ ವಿಳಾಸವೂ ಒಂದು ರಾತ್ರಿ ತಂಗಿದ ರಸೀದಿಯೂ ತೋರಿಸಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡೆವು. ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಆದರೆ ಡಾಕ್ಟರ್ ವಿಷಯ ಹಾಗಲ್ಲ. 65 ದಾಟಿ ಒರಿಜಿನಲ್ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಕ್ಕರೆ, ಅದನ್ನು ಒಪ್ಪುವ ಡಾಕ್ಟರ್ ಯಾವ ರಾಜ್ಯದಲ್ಲಿದ್ದರೂ ತೋರಿಸಿಕೊಳ್ಳಬಹುದು, ನಿಜ. ಯಜಮಾನರ ಹೃದಯದ ತೊಂದರೆಗೆ ಬೇಕಿದ್ದದ್ದು ಪದೇ ಪದೇ ನೋಡುವ ಒಬ್ಬರೇ ಡಾಕ್ಟರ್. ಊರೂರಿಗೆ ಹೋಗಿ ಮೊದಲಿನಿಂದ ಕಥೆ ಹೇಳುವುದು ನನಗೆ ಸಾಕಾಗಿತ್ತು. ನಾವು ನಿಂತದ್ದು ಅದಕ್ಕೇ. ರಸ್ತೆ ಬೇಸರವಾಗಿರಲಿಲ್ಲ.

ನಿಲ್ಲಲು ಸುಲಭವಾದದ್ದು, ಮನೆ ಮಾರಿದ ದುಡ್ಡಿನ ದೊಡ್ಡ ಪಾಲನ್ನು ಮುಟ್ಟದೆ ಇಟ್ಟಿದ್ದರಿಂದ. ಟ್ರೈಲರ್ ಬೆಲೆ ವರ್ಷವರ್ಷವೂ ಇಳಿಯುತ್ತದೆ. ಅದನ್ನು ಮಾರಿ ಮನೆ ಕೊಳ್ಳಬಹುದು ಅಂತ ಲೆಕ್ಕ ಹಾಕಿದರೆ ಕಷ್ಟ. ಇನ್ನೊಂದು ಮಾತು: ಅನೇಕ ಬಡಾವಣೆಗಳ ಸಂಘಗಳು ಅಂಗಳದಲ್ಲಿ ಆರ್‌ವಿ ನಿಲ್ಲಿಸಲು ಬಿಡುವುದಿಲ್ಲ. ನಾವು ಸಂಘವಿಲ್ಲದ ಬೀದಿಯನ್ನೇ ಹುಡುಕಿದೆವು. ಟ್ರೈಲರ್ ಈಗಲೂ ಮನೆ ಪಕ್ಕದಲ್ಲೇ ಇದೆ, ಬೇಸಿಗೆಯಲ್ಲಿ ಬೆಟ್ಟದ ಕಡೆ ಹೋಗಿ ಬರುತ್ತೇವೆ.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಳೆದದ್ದು ರಿಪೇರಿಗೆ. ಕೊಳ್ಳುವುದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ, ಅದೂ ಮಳೆ ಬಂದ ಮರುದಿನ. ಕಪಾಟುಗಳ ಒಳಗೆ ತಲೆ ಹಾಕಿ ಮುಗ್ಗಲು ವಾಸನೆ ಇದೆಯಾ ನೋಡಿ. ಮೂಲೆಗಳಲ್ಲಿ ಗೋಡೆ ಒತ್ತಿ ನೋಡಿ, ಮೆತ್ತಗಿದ್ದರೆ ಬೇಡ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಸವೆಯದೆ ಚೆನ್ನಾಗಿ ಕಂಡರೂ ಅಷ್ಟು ಹಳೆಯ ಟೈರನ್ನು ಬದಲಾಯಿಸಿಯೇ ಹೊರಡಿ.