ಝೂಮ್ ಮೀಟಿಂಗ್ ಶೆಡ್ಯೂಲ್: ಯಾರು ಯಾವ ಸಾಧನದಿಂದ ಬರುತ್ತಾರೆ ಅಂತ ಮೊದಲು ಕೇಳಿಕೊಳ್ಳಿ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್ ನಡೆಸುವವರಿಗೆ ಗಿರಾಕಿಯ ಜೊತೆ ಡ್ರಾಯಿಂಗ್ ನೋಡುತ್ತ ವಿಡಿಯೊದಲ್ಲಿ ಮಾತಾಡುವುದು ಈಗ ಮಾಮೂಲಿ ಕೆಲಸ. ಇಲ್ಲಿಯವರು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಗಿರಾಕಿ ಕಂಪನಿಯವರು ಬೋರ್ಡ್ ರೂಮಿನ ಪಾಲಿಕಾಮ್ ಅಥವಾ ಸಿಸ್ಕೊ ಯೂನಿಟ್‌ನಿಂದ (ವಿಡಿಯೊ ಮೀಟಿಂಗಿಗೆಂದೇ ಇರುವ ಸಾಧನ) ಬರುತ್ತಾರೆ. ದಾರಿಯಲ್ಲಿರುವ ಕ್ವಾಲಿಟಿ ಮ್ಯಾನೇಜರ್ ಸಾದಾ ಫೋನ್ ಕರೆಯಲ್ಲಿ. ಈ ಮೂರನ್ನೂ ಒಂದೇ ಮೀಟಿಂಗಿಗೆ ಸೇರಿಸುವ ತಾಕತ್ತು ಝೂಮ್‌ಗೆ ಇದೆ. ಅದರ ಶೆಡ್ಯೂಲ್ ಪುಟದ ಮೇಲೆ ಮಾತ್ರ ದೊಡ್ಡ ತಕರಾರಿದೆ: ಯಾರು ಯಾವ ಸಾಧನದಿಂದ ಬರುತ್ತಾರೆ ಅಂತ ಅದು ಎಲ್ಲೂ ಕೇಳುವುದಿಲ್ಲ. ಅದನ್ನು ತೀರ್ಮಾನಿಸುವ ಆಯ್ಕೆಗಳು ಆಡಿಯೊ, ಎನ್‌ಕ್ರಿಪ್ಷನ್ (ಮಾತು, ಚಿತ್ರವನ್ನು ಬೇರೆಯವರಿಗೆ ತಿಳಿಯದಂತೆ ಗುಪ್ತಗೊಳಿಸುವುದು), ಅಕೌಂಟ್ ಸೆಟ್ಟಿಂಗ್ಸ್ ಅಂತ ಮೂರು ಕಡೆ ಚದುರಿವೆ.

ಹೆಚ್ಚು ಕಾಡುವುದು ಎನ್‌ಕ್ರಿಪ್ಷನ್. ‘ಎಂಡ್-ಟು-ಎಂಡ್’ ಅಂತ ಕಂಡಾಗ ಭದ್ರತೆ ಹೆಚ್ಚಿರಲಿ ಅಂತ ಒತ್ತುವವರೇ ಬಹಳ. ಒತ್ತಿದರೆ ಫೋನ್ ಡಯಲ್‌ನವರಿಗೂ ಬೋರ್ಡ್ ರೂಮ್ ಯೂನಿಟ್‌ಗೂ ಬಾಗಿಲು ಬಂದ್. ಕ್ಲೌಡ್ ರೆಕಾರ್ಡಿಂಗ್ ಕೂಡ ಆಗುವುದಿಲ್ಲ. ಈ ವಿಧಾನದಲ್ಲಿ ಗುಪ್ತ ಮಾತನ್ನು ಬಿಡಿಸುವ ಕೀಲಿ ಸೇರಿದವರ ಸಾಧನದಲ್ಲೇ ಇರಬೇಕು, ಆದರೆ ಹಳೆಯ ಯೂನಿಟ್‌ನ ಮಾತನ್ನು ಝೂಮ್‌ನ ಸರ್ವರ್ ನಡುವೆ ಬಿಡಿಸಿ ಬದಲಿಸಬೇಕು. ಎರಡೂ ಒಟ್ಟಿಗೆ ಆಗದು. ಹೊರಗಿನ ಯೂನಿಟ್ ಬರುವುದಿದ್ದರೆ ‘ಎನ್‌ಹಾನ್ಸ್‌ಡ್’ ಆಯ್ಕೆಯನ್ನೇ ಇಡಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಸ್‌ಐಪಿ, ಎಚ್.323 (ಬೋರ್ಡ್ ರೂಮ್ ಯೂನಿಟ್‌ಗಳು ಕರೆ ಮಾಡುವ ಎರಡು ಪದ್ಧತಿ) ಸಾಧನಗಳಿಗೆ ಎನ್‌ಕ್ರಿಪ್ಷನ್ ಕಡ್ಡಾಯ ಮಾಡುವ ಇನ್ನೊಂದು ಆಯ್ಕೆ ಇದೆ. ಅದು ಆನ್ ಇದ್ದು, ಎದುರಿನ ಯೂನಿಟ್‌ನಲ್ಲಿ ಎಇಎಸ್ (ಯೂನಿಟ್‌ನ ಎನ್‌ಕ್ರಿಪ್ಷನ್ ವಿಧಾನ) ಆಫ್ ಇದ್ದರೆ ಕರೆ ಒಳಗೇ ಬರುವುದಿಲ್ಲ. ಯೂನಿಟ್‌ನ ಎಇಎಸ್ ಆನ್ ಮಾಡಿಸುವುದೇ ಸರಿಯಾದ ಪರಿಹಾರ, ಕಡ್ಡಾಯ ತೆಗೆಯುವುದಲ್ಲ.

ಬೋರ್ಡ್ ರೂಮ್ ಯೂನಿಟ್‌ಗೆ ರೂಮ್ ಕನೆಕ್ಟರ್ (ಅಂಥ ಯೂನಿಟ್‌ಗಳನ್ನು ಮೀಟಿಂಗಿಗೆ ಸೇರಿಸುವ ಝೂಮ್‌ನ ಸೇವೆ) ಬೇಕು, ಅದಕ್ಕೆ ಬೇರೆ ದುಡ್ಡು. ಒಂದು ಯೂನಿಟ್‌ಗೆ ಒಂದು ಪೋರ್ಟ್ (ಒಂದು ಸಂಪರ್ಕ) ಲೆಕ್ಕ: ಎರಡು ಕಡೆಯಿಂದ ಏಕಕಾಲಕ್ಕೆ ಯೂನಿಟ್ ಬಂದರೆ ಎರಡು ಪೋರ್ಟ್. ಎಸ್‌ಐಪಿ ಯೂನಿಟ್‌ನವರು ಮೀಟಿಂಗ್ ಐಡಿ, ಚುಕ್ಕೆ, ಅಂಕಿಯ ಪಾಸ್‌ಕೋಡ್, ಆಮೇಲೆ ಅಟ್ ಝೂಮ್‌ಸಿಆರ್‌ಸಿ ಡಾಟ್ ಕಾಮ್ (@zoomcrc.com) ಅಂತ ನಡುವೆ ಜಾಗ ಬಿಡದೆ ಹೊಡೆಯಬೇಕು. ಅಕ್ಷರ ಬೆರೆತ ಪಾಸ್‌ಕೋಡ್ ರಿಮೋಟ್‌ನಲ್ಲಿ ಹೊಡೆಯಲು ಬರುವುದಿಲ್ಲ. ಇನ್ವೈಟ್‌ನಲ್ಲಿರುವ ಅಂಕಿಯ ಕೋಡ್ ಕಳಿಸಿ.

ಡಯಲ್ ಯಾವಾಗಲೂ ಯೂನಿಟ್ ಇರುವ ಕಡೆಯಿಂದಲೇ ಆಗಲಿ. ಝೂಮ್‌ನಿಂದ ಯೂನಿಟ್‌ಗೆ ಕರೆ ಮಾಡುವ ಸೌಲಭ್ಯವೂ ಇದೆ, ಆದರೆ ಯೂನಿಟ್‌ನ ಪರದೆ ತೋರಿಸುವ ವಿಳಾಸ 192.168ರಿಂದ ಶುರುವಾದರೆ ಅದು ಆಫೀಸಿನ ಒಳಗಿನ ವಿಳಾಸ, ಹೊರಗಿನಿಂದ ಅಲ್ಲಿಗೆ ದಾರಿಯಿಲ್ಲ. ಕರೆ ಸೇರಿ ಒಂದು ಕಡೆಯ ದನಿ ಮಾತ್ರ ಕೇಳುತ್ತಿದ್ದರೆ ಮೊದಲು ರೌಟರ್‌ನ ‘ಎಸ್‌ಐಪಿ ಎಎಲ್‌ಜಿ’ ಎಂಬ ಸೆಟ್ಟಿಂಗ್ ಆಫ್ ಮಾಡಿ ನೋಡಿ. ಕರೆಯ ವಿಳಾಸಗಳನ್ನು ತಾನೇ ತಿದ್ದಲು ಹೋಗಿ ಕೆಡಿಸುವುದು ಅದರ ಚಾಳಿ. ಎಚ್.323 ಕರೆ ಶುರುವಾಗುವುದು ಟಿಸಿಪಿ 1720 ಎಂಬ ನೆಟ್‌ವರ್ಕ್ ದ್ವಾರದಲ್ಲಿ. ಅದನ್ನು ತೆರೆದು, ಚಿತ್ರ, ದನಿ ಸಾಗುವ ಯುಡಿಪಿ ದ್ವಾರಗಳನ್ನು ಮುಚ್ಚಿದ್ದರೆ ಕರೆ ಕೂಡುತ್ತದೆ, ಅವು ಮಾತ್ರ ಬರುವುದಿಲ್ಲ.

ಡ್ರಾಯಿಂಗ್ ತೋರಿಸುವವರು ಯೂನಿಟ್‌ನಲ್ಲಿ ಪರದೆ ಹಂಚುವುದಕ್ಕೆ ಇರುವ ಎಚ್.239 (ಎಸ್‌ಐಪಿ ಆದರೆ ಬಿಎಫ್‌ಸಿಪಿ) ಆನ್ ಇದೆಯೇ ಅಂತ ಕೇಳಿಸಿ. ಇಲ್ಲದಿದ್ದರೆ ಡ್ರಾಯಿಂಗಿಗೆ ಬೇರೆ ಚಾನೆಲ್ ಸಿಗದೆ, ಬೋರ್‌ನ (ಕೊರೆದ ತೂತಿನ) ವ್ಯಾಸ, ಟಾಲರೆನ್ಸ್‌ನ ಸಣ್ಣ ಅಂಕಿ ಓದಲಾಗದು. ಕಾಸ್ಟಿಂಗ್ ಒಪ್ಪಿಗೆಯ ಮೀಟಿಂಗಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಯಾವುದಿದೆ? ಯೂನಿಟ್ ಇರುವ ಕೋಣೆಯಲ್ಲೇ ಯಾರಾದರೂ ಲ್ಯಾಪ್‌ಟಾಪ್‌ನಿಂದ ಡ್ರಾಯಿಂಗ್ ಹಂಚುವುದಾದರೆ ಅದನ್ನು ಆಡಿಯೊ ಇಲ್ಲದೆ ಸೇರಿಸಬೇಕು. ಯೂನಿಟ್‌ನ ಸ್ಪೀಕರ್ ದನಿ ಲ್ಯಾಪ್‌ಟಾಪ್ ಮೈಕ್‌ಗೆ ಹೊಕ್ಕರೆ ಇಡೀ ಮೀಟಿಂಗ್ ಕೂಗುತ್ತದೆ.

ಫೋನಿನವರಿಗಾಗಿ ಆಡಿಯೊದಲ್ಲಿ ‘ಬೋತ್’ ಇಡಿ. ‘ಕಂಪ್ಯೂಟರ್ ಆಡಿಯೊ’ ಮಾತ್ರ ಇಟ್ಟರೆ ಇನ್ವೈಟ್‌ನಲ್ಲಿ ಡಯಲ್ ನಂಬರೇ ಬರುವುದಿಲ್ಲ. ಬಂದ ನಂಬರ್ ಭಾರತದ್ದೇ ಅಂತಲೂ ನೋಡಿ, ವಿದೇಶದ್ದಾದರೆ ಐಎಸ್‌ಡಿ ಬಿಲ್ ಬರುತ್ತದೆ. ಫೋನಿನಲ್ಲಿ ಮ್ಯೂಟ್ ತೆಗೆಯಲು ಸ್ಟಾರ್ 6, ಕೈ ಎತ್ತಲು ಸ್ಟಾರ್ 9. ಮಳೆಗಾಲದಲ್ಲಿ ಕರೆಂಟ್ ಹೋಗಿ ರೌಟರ್ ಆರಿದರೂ ಮಾತು ನಿಲ್ಲದಿರಲಿ ಅನ್ನುವವರು ಈ ನಂಬರನ್ನು ಮೊದಲೇ ಮೊಬೈಲ್‌ನಲ್ಲಿ ಸೇವ್ ಮಾಡಿಕೊಂಡಿರಬೇಕು.

ಎಲ್ಲರೂ ಲ್ಯಾಪ್‌ಟಾಪ್, ಮೊಬೈಲ್‌ನಿಂದಲೇ ಬರುವುದಾದರೆ ಉಚಿತ ಅಕೌಂಟ್ ಸಾಕು, 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ ಅನ್ನುವುದು ನೆನಪಿರಲಿ. ತಿಂಗಳಿಗೊಮ್ಮೆ ಮಾತ್ರ ಯೂನಿಟ್‌ನವರು ಬರುವ ಸಣ್ಣ ಶಾಪ್‌ಗೆ ರೂಮ್ ಕನೆಕ್ಟರ್‌ನ ಖರ್ಚು ದಂಡ. ಅಂಥವರು ಮೀಟಿಂಗನ್ನು ಗಿರಾಕಿಯ ಅಕೌಂಟಿನಿಂದಲೇ ಶೆಡ್ಯೂಲ್ ಮಾಡಿಸಿ, ಲಿಂಕ್ ತರಿಸಿಕೊಳ್ಳಲಿ.